ತಮ್ಮ ಪತ್ರವನ್ನು ಇರಿಸಲಾಗಿರುವ ಫೋಲ್ಡರು

ಸ್ವೀಕೃತಿ ಕೊಡುವುದು ತಪ್ಪೇ? ನೀವೇ ಹೇಳಿ. ಒಬ್ಬರು ಪತ್ರ ಬರೆಯುತ್ತಾರೆ. ಅದು ಬಂದು ಸೇರಿತು, ಇಂಥ ಕಡೆ ಇಟ್ಟಿದ್ದೇವೆ ಎಂದು ಬರೆದವರಿಗೆ ತಿಳಿಸುವುದು ಮರ್ಯಾದಸ್ಥರ ಕೆಲಸ. ರೇವಣಸಿದ್ದಯ್ಯನವರು ಮಾಡಿದ್ದು ಇಷ್ಟೇ. ಇಷ್ಟಕ್ಕೇ ಹೇರೋಹಳ್ಳಿಯ ಒಂದು ಇಡೀ ಅಡ್ಡರಸ್ತೆ ಅವರ ಗೇಟಿನ ಮುಂದೆ ನಿಂತು ಕೂಗಾಡಿತು ಎಂದರೆ, ಶಿಸ್ತು ಎಂಬುದಕ್ಕೆ ಈ ಊರಿನಲ್ಲಿ ಕವಡೆ ಕಿಮ್ಮತ್ತಾದರೂ ಇದೆಯೇ?

ರೇವಣಸಿದ್ದಯ್ಯನವರು ಸರ್ಕಾರಿ ಇಲಾಖೆಯೊಂದರ ಆವಕ-ಜಾವಕ ಶಾಖೆಯಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಬರುವ ಪತ್ರಗಳಿಗೆ ಮೊಹರು ಹೊಡೆಯುವುದು, ಯಾವ ಕಡತಕ್ಕೆ ಸೇರಿತೆಂದು ಕಳಿಸಿದವರಿಗೆ ತಿಳಿಸುವುದು ಅಲ್ಲಿಯ ಕೆಲಸ. ಅವರ ಕಾಲದಲ್ಲಿ ಆ ಶಾಖೆಗೆ ಮದುವೆ ಕರೆಯೋಲೆ ಬಂದರೂ ಸ್ವೀಕೃತಿ ಹೋಗುತ್ತಿತ್ತು. ಮದುವೆಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ, ಅದು ಬೇರೆ ಶಾಖೆಯ ಕೆಲಸ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಹಾಲಿನವನು ಪ್ಯಾಕೆಟ್ ಕೊಟ್ಟರೆ "ಸ್ವೀಕರಿಸಲಾಗಿದೆ" ಎನ್ನುತ್ತಿದ್ದರು. ಅವನು ಒಮ್ಮೆ ಹೆದರಿ ಪ್ಯಾಕೆಟ್ ವಾಪಸ್ ತೆಗೆದುಕೊಂಡಿದ್ದ.

ಮನೆ ಹೇರೋಹಳ್ಳಿಯಲ್ಲಿ. ಮನೆಗೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ರಸ್ತೆಗೆ. ಯುಗಾದಿ ಮುಗಿದ ವಾರ ಪೈಪಿನವರು ಬಂದು ಅಗೆದರು, ಪೈಪು ಹಾಕಿದರು, ಹೋದರು. ಹಳ್ಳ ಉಳಿಯಿತು. ಗಣೇಶನ ಹಬ್ಬ ಹತ್ತಿರ ಬಂದರೂ ಗೇಟಿನ ಮುಂದೆ ಒಂದಾಳು ಆಳದ ಹಳ್ಳ, ಅದರ ಮೇಲೆ ಅಲ್ಲಾಡುವ ಒಂದು ಕಲ್ಲು ಚಪ್ಪಡಿ. ಆಟೋದವರು ಸುಂಕದಕಟ್ಟೆಯಲ್ಲೇ ಕೈ ಎತ್ತುತ್ತಿದ್ದರು: "ಆ ರೋಡಾ? ಬರಲ್ಲ ಸಾರ್, ನಂಗೂ ಹೆಂಡ್ತಿ ಮಕ್ಳವ್ರೆ."

ಇದರಲ್ಲಿ ನಿಜವಾಗಿ ಸಿಕ್ಕಿಬಿದ್ದವರು ಹೆಂಡತಿ ಜಗದಾಂಬಾ. ಎರಡೂ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿದ ಮೂರನೇ ದಿನವೇ ಪೈಪಿನವರು ಬಂದಿದ್ದರು. ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಆಕೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ನಡೆದರು. ತಂಗಿ ಮಾಲಾ ಕೆಂಗೇರಿಯಲ್ಲಿ ಮನೆ ಕಟ್ಟಿಸಿದ್ದಳು. ಆ ಗೃಹಪ್ರವೇಶವನ್ನೂ ಜಗದಾಂಬಾ ಫೋನಿನಲ್ಲೇ ನೋಡಬೇಕಾಯಿತು. ಕಳಸ ಒಳಗೆ ಬರುವ ಹೊತ್ತಿಗೆ ನೆಟ್‌ವರ್ಕು ಹೋಯಿತು. ಆಕೆ ಅವತ್ತು ಅತ್ತರು.

"ರೀ, ಒಂದ್ಸಲ ಕೆಂಗೇರಿಗೆ ಕರ್ಕೊಂಡ್ಹೋಗ್ರೀ. ನೀವು ಕೈ ಹಿಡ್ಕೊಂಡ್ರೆ ನಾನು ಆ ಕಲ್ಲು ದಾಟ್ತೀನಿ."

"ಮುಂದಿನ ವಾರ ರಸ್ತೆ ಆಗುತ್ತೆ ಕಣೇ. ಮುಂದಿನ ವಾರ ಹೋಗೋಣ."

ಇದು ಅವರ ಸ್ವಂತ ಮಾತಲ್ಲ. ರಸ್ತೆ ಕಚೇರಿಯ ಸಹಾಯಕ ಎಂಜಿನಿಯರ್ ಸಂಪತ್ ಎಂಬಾತ ಅವರ ಪ್ರತಿಯೊಂದು ದೂರಿಗೂ ಇಮೇಲಿನಲ್ಲಿ ಬರೆಯುತ್ತಿದ್ದ ಉತ್ತರ ಅದು: "ಸದರಿ ಕಾಮಗಾರಿಯನ್ನು ಮುಂದಿನ ವಾರ ಕೈಗೆತ್ತಿಕೊಳ್ಳಲಾಗುವುದು." ಪ್ರತಿ ಉತ್ತರಕ್ಕೂ ತನ್ನ ಮೇಲಧಿಕಾರಿ ಮೇಡಂಗೆ ಒಂದು ಪ್ರತಿ ಹಾಕುತ್ತಿದ್ದ. ಕೆಲಸ ನಡೆಯುತ್ತಿದೆ ಎಂದು ಮೇಡಂ ನಂಬಲಿ ಎಂಬುದು ಆತನ ಲೆಕ್ಕಾಚಾರ.

ಒಂದು ದಿನ ಅದೇ ಸಂಪತ್ "ನಾಳೆ ಸ್ಥಳ ಪರಿಶೀಲನೆಗೆ ಬರುತ್ತೇನೆ, ತಾವು ಹಾಜರಿರಬೇಕು" ಎಂದು ಬರೆದಿದ್ದ. ಆ ಇಮೇಲ್ ಎರಡು ಸೀರೆ ಅಂಗಡಿ, ಒಂದು ಹಲ್ಲಿನ ಆಸ್ಪತ್ರೆಯ ಜಾಹೀರಾತುಗಳ ನಡುವೆ ಸಿಕ್ಕಿಕೊಂಡು ರೇವಣಸಿದ್ದಯ್ಯನವರ ಕಣ್ಣಿಗೆ ಬಿದ್ದದ್ದು ವಾರದ ಮೇಲೆ. ಅಷ್ಟರಲ್ಲಿ "ದೂರುದಾರರು ಸ್ಥಳದಲ್ಲಿ ಇರದ ಕಾರಣ ಪರಿಶೀಲನೆ ಮುಂದೂಡಲಾಗಿದೆ" ಎಂದೂ ಬಂದಿತ್ತು. ಅವರಿಗೆ ತಲೆಯಿಂದ ಕಾಲಿನವರೆಗೆ ಉರಿದುಹೋಯಿತು. ಮೂವತ್ತು ವರ್ಷ ಒಂದು ಲಕೋಟೆ ಕೈತಪ್ಪಲು ಬಿಡದ ಮನುಷ್ಯನ ಸ್ವಂತ ಅಂಚೆಪೆಟ್ಟಿಗೆಯಲ್ಲಿ ಈ ಅನಾಚಾರ!

ಮಹಡಿ ಮೇಲೆ ಬಾಡಿಗೆಗೆ ಇದ್ದವಳು ಕವನಾ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿ. ರೇವಣಸಿದ್ದಯ್ಯನವರು ಮಹಡಿ ಹತ್ತಿ ಸಮಸ್ಯೆ ಹೇಳಿದರು.

"ಸುಲಭ ಅಂಕಲ್," ಅಂದಳು ಕವನಾ. "ಇದಕ್ಕೆ ಲೈಬ್ರರಿ ಇದೆ. ಲೈಬ್ರರಿ ಅಂದ್ರೆ ಬೇರೆಯವ್ರು ಮೊದ್ಲೇ ಬರೆದಿಟ್ಟಿರೋ ಕೋಡು. ನಿಮ್ಮ ಮೇಲ್‌ಬಾಕ್ಸಲ್ಲಿ ಫೋಲ್ಡರ್ ಮಾಡೋದು, ಹೆಸ್ರು ಬದ್ಲಾಯ್ಸೋದು, ಅಳ್ಸೋದು, ಒಂದ್ರಿಂದ ಇನ್ನೊಂದಕ್ಕೆ ಹಾಕೋದು, ಎಲ್ಲಕ್ಕೂ ಒಂದೊಂದು ಸಾಲು. ನಾವು ಅದನ್ನ ಕರೆದ್ರೆ ಸಾಕು, ಕೆಲ್ಸ ಅದೇ ಮಾಡುತ್ತೆ."

"ಅಂದ್ರೆ ಹಿಂದಿನವರು ಬರೆದ ಒಕ್ಕಣೆ ತೆಗೆದು ಹಾಗೇ ಹಾಕೋದು."

"ಹೆಚ್ಚೂ ಕಮ್ಮಿ ಅಷ್ಟೇ."

"ನಮ್ಮ ಆಫೀಸಿನ ಪದ್ಧತಿಯೇ!" ರೇವಣಸಿದ್ದಯ್ಯನವರಿಗೆ ಹೊಸ ತಂತ್ರಜ್ಞಾನದ ಮೇಲೆ ಒಮ್ಮೆಲೇ ಗೌರವ ಮೂಡಿತು. "ಆದ್ರೆ ನೋಡಮ್ಮ, ಎರಡು ನಿಯಮ. ಒಂದು, ಪತ್ರ ಯಾವ ಫೋಲ್ಡರಿಗೆ ಹೋಯ್ತು ಅಂತ ಬರೆದವರಿಗೆ ಸ್ವೀಕೃತಿ ಹೋಗ್ಬೇಕು. ಎರಡು, ಮೂಲ ಪತ್ರದ ಪ್ರತಿ ಯಾರ್ಯಾರಿಗೆ ಹೋಗಿದ್ಯೋ ಅವರಿಗೆಲ್ಲ ಸ್ವೀಕೃತಿಯ ಪ್ರತಿಯೂ ಹೋಗ್ಬೇಕು."

ಕವನಾ ಹುಬ್ಬು ಮೇಲೇರಿಸಿದಳು. "ಯಾರೂ ಹಂಗೆ ಕಳ್ಸಲ್ಲ ಅಂಕಲ್. ಫೋಲ್ಡರು ನಮ್ಮ ಅನುಕೂಲಕ್ಕೆ. ಅವ್ರಿಗ್ಯಾಕೆ?"

"ಯಾರೂ ಕಳ್ಸಲ್ಲ ಅಂತಲೇ ದೇಶ ಹಿಂಗಿರೋದು," ಎಂದರು ರೇವಣಸಿದ್ದಯ್ಯನವರು. ಕವನಾ ಎರಡು ದಿನದಲ್ಲಿ ಪ್ರೋಗ್ರಾಮ್ ಬರೆದುಕೊಟ್ಟಳು. "ಯಾರ ಮೇಲ್ ಯಾವ ಫೋಲ್ಡರಿಗೆ ಅನ್ನೋದನ್ನ ಮಾತ್ರ ಈ ಪಟ್ಟಿಲಿ ನೀವೇ ತುಂಬ್ಕೊಳಿ. ಹಳೇ ಮೇಲ್‌ಗಳು ಸುಮ್ನೆ ಫೋಲ್ಡರಿಗೆ ಹೋಗ್ತವೆ, ಸ್ವೀಕೃತಿ ಇನ್ಮೇಲೆ ಬರೋದಕ್ಕೆ ಮಾತ್ರ" ಅಂದಳು.

ಪಟ್ಟಿ ತುಂಬುವ ಕೆಲಸವನ್ನು ಅವರು ಬಾಗಿಲು ಹಾಕಿಕೊಂಡು ಮಾಡಿದರು. ಕಡತದ ಶೀರ್ಷಿಕೆ ಓದಿದ ಕೂಡಲೇ ಒಳಗಿರುವ ವಿಷಯ ತಿಳಿಯಬೇಕು ಎಂದು ಕಿರಿಯ ಗುಮಾಸ್ತರಿಗೆ ಪಾಠ ಹೇಳಿದ್ದ ಮನುಷ್ಯ. ಹಾಗಾಗಿ ಫೋಲ್ಡರುಗಳಿಗೆ ಒಳಗಿನ ವಿಷಯಕ್ಕೆ ತಕ್ಕ ಹೆಸರನ್ನೇ ಇಟ್ಟರು. ಭಾವಮೈದ ಚನ್ನವೀರೇಶನಿಗೆ 'ಊಟದ ಹೊತ್ತಿಗೆ ಬರುವವರು'. ಎದುರು ಮನೆಯ ಹನುಮಂತಯ್ಯನವರಿಗೆ 'ಹೂಂ ಅಂದು ಸುಮ್ಮನಾಗತಕ್ಕದ್ದು'. ಸಂಪತ್‌ಗೆ 'ಮುಂದಿನ ವಾರ ಎಂದು ಸುಳ್ಳು ಹೇಳುವವರು'. ಸೀರೆ ಅಂಗಡಿ, ಹಲ್ಲಿನ ಆಸ್ಪತ್ರೆ ಮುಂತಾದ ಚಿಲ್ಲರೆಗಳಿಗೆ 'ಆಮೇಲೆ ನೋಡಿದರಾಯ್ತು'. ಹೀಗೆ ಬಾಡಿಗೆದಾರರನ್ನೂ ಸೇರಿಸಿ, ಬೇಕಾದವರಿಗೆ ಬೇಡದವರಿಗೆ ಎಲ್ಲರಿಗೂ ಒಂದೊಂದು ಜಾಗ ಆಯಿತು.

ಮಧ್ಯದಲ್ಲಿ ಟಿಣ್ ಎಂದು ಒಂದು ಇಮೇಲ್ ಬಂತು. ಅಡುಗೆಮನೆಯಿಂದ. ಕಂಪ್ಯೂಟರಿನ ಮುಂದೆ ಕೂತ ಗಂಡನಿಗೆ ಕೂಗಿದರೆ ಕೇಳಿಸುವುದಿಲ್ಲ, ಎದ್ದು ಬರಲು ಮಂಡಿ ಬಿಡುವುದಿಲ್ಲ. ಅದಕ್ಕೇ ಕವನಾಳ ಕೈಯಲ್ಲಿ ಇಮೇಲ್ ವಿಳಾಸ ಮಾಡಿಸಿಕೊಂಡಿದ್ದ ಜಗದಾಂಬಾ ಬರೆದಿದ್ದರು: "ಊಟ ಆಯ್ತು ಬನ್ನಿ." ಸರಿಯಾಗಿ ಕೆಲಸದ ಹೊತ್ತಿಗೇ ಅಡ್ಡಿ! ರೇವಣಸಿದ್ದಯ್ಯನವರು ಸಿಡುಕಿಕೊಂಡು ಪಟ್ಟಿಗೆ ಏನೋ ಸೇರಿಸಿ, ಪ್ರೋಗ್ರಾಮ್ ಚಾಲೂ ಮಾಡಿ, ಊಟಕ್ಕೆ ಎದ್ದರು.

ಮರುದಿನ ಚನ್ನವೀರೇಶ ವಿಜಯನಗರದಿಂದ ಬಂದ. ಆತ ವಿಮೆ ಏಜೆಂಟು. ಹೊಸ ಪಾಲಿಸಿ ಬಂದಾಗಲೆಲ್ಲ ಭಾವನಿಗೆ ಇಮೇಲ್ ಕಳಿಸುವುದು ಆತನ ಪದ್ಧತಿ. ಬೆಳಿಗ್ಗೆ ಕಳಿಸಿದ್ದಕ್ಕೆ ಉತ್ತರ ಬಂದಿತ್ತು. ಆತ ಹಳ್ಳ ದಾಟಿ, ಚಪ್ಪಲಿ ಸಮೇತ ಒಳಗೆ ನುಗ್ಗಿ, ಫೋನನ್ನು ಭಾವನ ಮೂಗಿನ ಹತ್ತಿರ ಹಿಡಿದ.

"ಏನ್ ಭಾವ ಇದು? 'ತಮ್ಮ ಪತ್ರ ತಲುಪಿದೆ. ಅದನ್ನು ಊಟದ ಹೊತ್ತಿಗೆ ಬರುವವರು ಎಂಬ ಫೋಲ್ಡರಿನಲ್ಲಿ ಇರಿಸಲಾಗಿದೆ.' ಇದು ಮರ್ಯಾದೆನಾ? ಅಕ್ಕನ ಮನೆ ಅಂತ ಬಂದ್ರೆ ಹಿಂಗಾ ಲೆಕ್ಕ ಇಡೋದು? ನಿಮ್ಮನೇಲಿ ನಾನು ಯಾವತ್ತು ಊಟಕ್ಕೆ ಅಂತ ಬಂದಿದೀನಿ?"

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ರೇವಣಸಿದ್ದಯ್ಯನವರು ಗಡಿಯಾರ ನೋಡಿದರು. ಚನ್ನವೀರೇಶನೂ ನೋಡಿದ. ಒಳಗಿನಿಂದ ಜಗದಾಂಬಾ "ವೀರೇಶ, ಕೈ ತೊಳ್ಕೊ ಬಾ, ಹುರುಳಿಕಾಯಿ ಪಲ್ಯ ಆರೋಗುತ್ತೆ" ಎಂದರು. ಆತ ಸಿಟ್ಟಿನಿಂದಲೇ ಕೂತು, ಸಿಟ್ಟಿನಿಂದಲೇ ಎರಡು ರೊಟ್ಟಿ ತಿಂದು, ಮತ್ತೊಂದು ಹಾಕಿಸಿಕೊಂಡು, "ಇನ್ನು ಈ ಮನೆ ನೀರು ಮುಟ್ಟಲ್ಲ" ಎಂದು ಮಜ್ಜಿಗೆ ಕುಡಿದು ಹೊರಟ.

"ನಾನು ರಸೀದಿ ಕೊಟ್ರೆ ಇವನಿಗ್ಯಾಕೆ ಉರಿ?" ರೇವಣಸಿದ್ದಯ್ಯನವರು ಹೆಂಡತಿಯನ್ನು ಕೇಳಿದರು. "ಎಷ್ಟು ಜನ ಕೊಡ್ತಾರೆ ಹೇಳು? ಬ್ಯಾಂಕಿನವರು ಕೊಡ್ತಾರಾ? ಆಸ್ಪತ್ರೆಯವರು ಕೊಡ್ತಾರಾ?"

ಜಗದಾಂಬಾ ತಟ್ಟೆ ಎತ್ತುತ್ತ, "ಎಲ್ರಿಗೂ ಕೊಡ್ತೀರಾ?" ಎಂದಷ್ಟೇ ಕೇಳಿದರು.

"ಬರೆದವರಿಗೆಲ್ಲ! ಭೇದಭಾವವೇ ಇಲ್ಲ!"

ಆಕೆ ತಟ್ಟೆ ತೊಳೆಯಲು ಒಳಗೆ ಹೋದರು.

ಸಂಜೆಗೆ ಹನುಮಂತಯ್ಯನವರು ಬಂದರು. ಈ ಬಡಾವಣೆಯೇ ಒಂದು ಕಾಲಕ್ಕೆ ಅವರ ಮನೆತನದ ಹೊಲ. ಈಗ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಮಗಳ ಕೈಯಲ್ಲಿ ಟೈಪು ಮಾಡಿಸಿ ವಾರಕ್ಕೊಂದು ಉದ್ದದ ಇಮೇಲ್ ಎಲ್ಲ ಮನೆಗಳಿಗೂ ಕಳಿಸುವವರು. ಎಲ್ಲ ಮನೆಗೂ ಹೋಗಿತ್ತಾದ್ದರಿಂದ, ನಿಯಮ ಎರಡರ ಪ್ರಕಾರ, ಸ್ವೀಕೃತಿಯೂ ಎಲ್ಲ ಮನೆಗೂ ಹೋಗಿತ್ತು. ಅವರ ಹಿಂದೆ ಅಡ್ಡರಸ್ತೆಯ ಅರ್ಧ ಜನ ನಿಂತಿದ್ದರು, ನಗು ತಡೆದುಕೊಂಡು.

"ಏನಪ್ಪಾ ರೇವಣ್ಣ, ನಾನು ಮಾತಾಡಿದ್ರೆ ಹೂಂ ಅಂದು ಸುಮ್ನಾಗ್ಬೇಕಾ?"

"ಅದು ಶೀರ್ಷಿಕೆ ಅಷ್ಟೇ, ಗೌಡ್ರೇ. ಕಡತದ ಗುರುತು."

"ಗುರುತಾ? ನಮ್ಮಪ್ಪ ಇಲ್ಲಿ ರಾಗಿ ಬಿತ್ತೋವಾಗ ಈ ಜಾಗದ ಗುರುತು ಇರೋನು ಒಬ್ನೂ ಇರ್ಲಿಲ್ಲ! ಇವತ್ತು ನಂಗೆ ಗುರುತು ಹಾಕ್ತೀಯಾ? ಹೂಂ ಅಂತ ಒಂದ್ಸಲ ಅಂದ್ನೋಡು, ಈ ಹಳ್ಳದಾಗೇ ನಿಲ್ಲಿಸ್ತೀನಿ!"

ರೇವಣಸಿದ್ದಯ್ಯನವರು ಅಭ್ಯಾಸಬಲದಿಂದ "ಹೂಂ" ಎಂದರು.

ಆಮೇಲೆ ಆದ ಗಲಾಟೆಯನ್ನು ಬಣ್ಣಿಸಲು ನನಗೂ ನಾಚಿಕೆ. ಮಹಡಿಯ ಮೇಲಿನಿಂದ ಕವನಾಳೂ ಇಳಿದು ಬಂದಳು. ಅವಳು ಬಚ್ಚಲ ನಲ್ಲಿ ಸೋರುತ್ತಿದೆ ಎಂದು ಬರೆದಿದ್ದ ಇಮೇಲಿಗೂ ಸ್ವೀಕೃತಿ ತಲುಪಿತ್ತು. "ಅಂಕಲ್, 'ಬಾಡಿಗೆದಾರರ ತಕರಾರು, ಉತ್ತರಿಸತಕ್ಕದ್ದಲ್ಲ' ಅಂತ ಫೋಲ್ಡರಾ? ನಾನು ಬರ್ಕೊಟ್ಟ ಕೋಡಲ್ಲಿ ನನ್ನನ್ನೇ ಹಾಕಿದೀರಾ?" ಆ ಹುಡುಗಿಯ ಕಣ್ಣಲ್ಲಿ ನೀರು ಇತ್ತು. ಕೋಪದ ನೀರು.

ಮರ್ಯಾದೆಗೆ ಅಂಜಿ ರೇವಣಸಿದ್ದಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. ಹೆಸರುಗಳನ್ನು ಬದಲಾಯಿಸುವುದೆಂದು ತೀರ್ಮಾನವಾಯಿತು.

"ಹೆಸ್ರು ಬದ್ಲಾಯ್ಸೋದು ಲೈಬ್ರರಿಲಿ ಒಂದೇ ಸಾಲು," ಅಂದಳು ಕವನಾ, ಮೂಗೊರೆಸಿಕೊಂಡು. "ಯಾರಿಗೂ ಗೊತ್ತಾಗಲ್ಲ. ಒಂದು ನಿಮಿಷ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪದ್ಧತಿ ಎಂಬುದೊಂದಿದೆಯಲ್ಲ! "ಕಡತಕ್ಕೆ ಹಾಗೆಲ್ಲ ಹೆಸರು ತಿದ್ದೋ ಹಾಗಿಲ್ಲಮ್ಮ," ಎಂದರು ರೇವಣಸಿದ್ದಯ್ಯನವರು. "ಹೊಸ ಕಡತ ತೆರೀಬೇಕು. ಹಳೇ ಕಡತದ ಪತ್ರಗಳನ್ನ ಒಂದೊಂದಾಗಿ ಅದಕ್ಕೆ ವರ್ಗಾಯಿಸ್ಬೇಕು. ಎಲ್ಲಿಂದ ಎಲ್ಲಿಗೆ ಅಂತ ಸಂಬಂಧಪಟ್ಟವರಿಗೆ ಜ್ಞಾಪನ ಹೋಗ್ಬೇಕು. ಆಮೇಲೆ ಹಳೇದು ಮುಚ್ಚಬೇಕು."

"ಎಲ್ಲಿಂದ ಎಲ್ಲಿಗೆ ಅಂತ?" ಕವನಾ ಅವರನ್ನು ದೀರ್ಘವಾಗಿ ನೋಡಿದಳು. "ಹಳೇ ಮೇಲ್‌ಗಳಿಗೂ?"

"ಮೊದಲ ಪತ್ರದಿಂದ."

ಅವಳು ಎಚ್ಚರಿಸಬಹುದಿತ್ತು. ಆದರೆ ಬಚ್ಚಲ ನಲ್ಲಿ ಇನ್ನೂ ಸೋರುತ್ತಿತ್ತು. "ಆಯ್ತು ಅಂಕಲ್," ಅಂದಳು, "ನೀವು ಹೇಳ್ದಂಗೇ ಮಾಡ್ತೀನಿ."

ಹೊಸ ಹೆಸರುಗಳು ಒಂದಕ್ಕಿಂತ ಒಂದು ಸೌಮ್ಯ. 'ಆತ್ಮೀಯ ಬಂಧುಗಳು'. 'ಹಿರಿಯರ ಮಾರ್ಗದರ್ಶನ'. 'ಮಾನ್ಯ ಅಧಿಕಾರಿಗಳು'. ಚಿಲ್ಲರೆಗಳ 'ಆಮೇಲೆ ನೋಡಿದರಾಯ್ತು' ಹೋಗಿ 'ಇತರೆ' ಆಯಿತು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಧರಿಸಿ, ರೇವಣಸಿದ್ದಯ್ಯನವರು ಪ್ರೋಗ್ರಾಮ್ ಚಾಲೂ ಮಾಡಿದರು.

ಅಷ್ಟು ವರ್ಷಗಳಿಂದ ಬಂದಿದ್ದ ಇಮೇಲ್‌ಗಳೆಲ್ಲ ಎದ್ದು ಹೊರಟವು. ಒಂದೊಂದಕ್ಕೂ ಒಂದೊಂದು ಜ್ಞಾಪನ. ಚನ್ನವೀರೇಶನಿಗೆ ತಾನು 'ಊಟದ ಹೊತ್ತಿಗೆ ಬರುವವರು' ಫೋಲ್ಡರಿನಿಂದ 'ಆತ್ಮೀಯ ಬಂಧುಗಳು' ಫೋಲ್ಡರಿಗೆ ವರ್ಗವಾದ ಸುದ್ದಿ, ಕಳಿಸಿದ್ದ ಪ್ರತಿಯೊಂದು ಪಾಲಿಸಿಗೂ ಬೇರೆ ಬೇರೆಯಾಗಿ ತಲುಪಿತು. ಅಲ್ಲಿಯವರೆಗೆ ಹಳೆಯ ಹೆಸರು ಗೊತ್ತಿಲ್ಲದೆ ಸುಖವಾಗಿದ್ದವರಿಗೂ ಗೊತ್ತಾಯಿತು. ರಾಜಾಜಿನಗರದ ಹಳೆಯ ಸಹೋದ್ಯೋಗಿ ಒಬ್ಬರು ಫೋನು ಮಾಡಿ, "ನಾನು 'ಬಿಟ್ಟರೆ ಕುಯ್ಯುವವರು' ಫೋಲ್ಡರಲ್ಲಿ ಎಷ್ಟು ವರ್ಷ ಇದ್ದೆ ಮಾರಾಯಾ?" ಎಂದು ಕೇಳಿ, ಕೋಪದಲ್ಲಿ ಒಂದು ಗಂಟೆ ಮಾತಾಡಿದರು.

ಅಡುಗೆಮನೆಯಲ್ಲೂ ಜಗದಾಂಬಾರ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಕನ್ನಡಕ ಹಾಕಿ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ಓದಿದರು. ಆಮೇಲೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಕವನಾಳ ಮನೆಗೆ ಹೋಗಿ, ಬಹಳ ಹೊತ್ತು ಕೂತು ಬಂದರು. "ಮಂಡಿಗೆ ವ್ಯಾಯಾಮ" ಎಂದರು. ರೇವಣಸಿದ್ದಯ್ಯನವರಿಗೆ ಸಂತೋಷವಾಯಿತು.

ಆ ಸಂತೋಷ ಮಧ್ಯಾಹ್ನದವರೆಗೆ ಉಳಿಯಲಿಲ್ಲ. ಅಡ್ಡರಸ್ತೆಯ ತುದಿಗೆ ಒಂದು ಜೀಪು ಬಂದು, ಮುಂದೆ ಬರಲಾರದೆ ನಿಂತಿತು. ಅದರಿಂದ ಇಳಿದವನು ಸಂಪತ್. ರಸ್ತೆ ಮಾಡಲು ಇಷ್ಟು ತಿಂಗಳಾದರೂ ಬಾರದಿದ್ದವನು, ಈಗ ಮಣ್ಣಿನ ಗುಡ್ಡೆಗಳನ್ನು ಹಾರಿಕೊಂಡು, ಅಲ್ಲಾಡುವ ಚಪ್ಪಡಿಯ ಮೇಲೆ ಎರಡೂ ಕೈ ಚಾಚಿ ಸರ್ಕಸ್ಸು ಮಾಡಿಕೊಂಡು, ಗೇಟಿಗೆ ಬಂದ. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು.

"ಯಾರ್ರೀ ಇಲ್ಲಿ ರೇವಣಸಿದ್ದಯ್ಯ?"

"ನಾನೇ. ಕಾಮಗಾರಿ ಶುರುವಾಯ್ತಾ?"

"ಕಾಮಗಾರಿ ಆಮೇಲೆ! ಏನ್ರೀ ಇದು? ನನ್ನ ಒಂದೊಂದು ಮೇಲ್‌ಗೂ ಒಂದೊಂದು ಕಳ್ಸಿದೀರಲ್ಲ? 'ಮುಂದಿನ ವಾರ ಎಂದು ಸುಳ್ಳು ಹೇಳುವವರು' ಫೋಲ್ಡರಿನಿಂದ 'ಮಾನ್ಯ ಅಧಿಕಾರಿಗಳು' ಫೋಲ್ಡರಿಗೆ ವರ್ಗಾಯಿಸಲಾಗಿದೆ ಅಂತ! ಅದೂ ಮೇಡಂಗೆ ಕಾಪಿ ಹಾಕಿ!"

"ಕಾಪಿ ಹಾಕಿದ್ದು ನೀವು. ಮೂಲ ಪತ್ರ ನೋಡಿ. ಈಗ ನಿಮ್ಮನ್ನ ಮಾನ್ಯ ಮಾಡಿದೀವಲ್ಲ, ಇನ್ನೇನು ತಕರಾರು?"

"ಮೇಡಂ ಕೇಳ್ತಿರೋದು ಈಗ ಎಲ್ಲಿದೀನಿ ಅಂತಲ್ಲ ಸ್ವಾಮಿ, ಮೊದಲು ಎಲ್ಲಿದ್ದೆ ಅಂತ!" ಸಂಪತ್‌ನ ಧ್ವನಿ ಕೀರಲಾಯಿತು. "ಬೆಳಿಗ್ಗೆಯಿಂದ ಅವ್ರ ಮೇಲ್‌ಬಾಕ್ಸ್ ತುಂಬ ಇದೇ. 'ರಸ್ತೆ ಆಗಿದೆ ಅಂತ ಮೀಟಿಂಗಲ್ಲಿ ಹೇಳಿದ್ರಲ್ಲ ಸಂಪತ್, ದೂರುದಾರರಿಂದ ಬರೆಸ್ಕೊಂಡು ಬನ್ನಿ' ಅಂದ್ರು. ಒಂದು ಸಾಲು ಹಾಕ್ಬಿಡಿ ಸಾರ್. ಕೆಲ್ಸ ತೃಪ್ತಿಕರ ಅಂತ. ಮುಂದಿನ ವಾರ ಖಂಡಿತ..."

ಆ ಎರಡು ಪದ ಕೇಳಿದ್ದೇ ತಡ, ರೇವಣಸಿದ್ದಯ್ಯನವರ ಮೈಯಲ್ಲಿ ಎಲ್ಲಿತ್ತೋ ಆ ರೋಷ! ಪಂಚೆ ಎತ್ತಿ ಕಟ್ಟಿ, ಗೇಟಿನ ಆಚೆ ಬಂದು, ಹಳ್ಳದ ಅಂಚಿನಲ್ಲಿ ನಿಂತು ಅಬ್ಬರಿಸಿದರು.

"ತೃಪ್ತಿಕರ? ನನ್ನ ಹೆಂಡ್ತಿ ಎರಡು ಮಂಡಿ ಕುಯ್ಸಿಕೊಂಡು ಒಳಗೆ ಕೂತಿದಾಳೆ! ಸ್ವಂತ ತಂಗಿ ಮನೆ ಗೃಹಪ್ರವೇಶಕ್ಕೆ ಹೋಗಿಲ್ಲ! ಕಾಮಗಾರಿ ಮುಗೀದೆ ಕಡತ ಕದಲಲ್ಲ, ಕೇಳ್ಕೊಳಿ. ನಿಮ್ಮನ್ನ ಮಾನ್ಯರಿಂದ ತೆಗೆದು ಮತ್ತೆ ಅಲ್ಲಿಗೇ ಹಾಕ್ತೀನಿ. ಎಲ್ಲ ಪತ್ರನೂ. ಒಂದೊಂದಾಗಿ. ಮೇಡಂಗೆ ಪ್ರತಿ ಸಮೇತ!"

ಸಂಪತ್ ಮುಖದಲ್ಲಿ ರಕ್ತ ಇಳಿದುಹೋಯಿತು. ಹಿಂದಿನ ದಿನ ಇದೇ ಗೇಟಿನಲ್ಲಿ ಕೂಗಾಡಿದ್ದ ಹನುಮಂತಯ್ಯನವರು ಈಗ ಮುಂದೆ ಬಂದು ರೇವಣಸಿದ್ದಯ್ಯನವರ ಭುಜದ ಮೇಲೆ ಕೈಯಿಟ್ಟರು. "ಹಾಕಪ್ಪಾ ರೇವಣ್ಣ, ಹಾಕು. ಹಂಗೇ ನಮ್ಮ ಪಹಣಿ ತಿದ್ದೋನನ್ನೂ ಅದೇ ಫೋಲ್ಡರಿಗೆ ಹಾಕು. ಮೂರು ವರ್ಷದಿಂದ ಅಲೆಸ್ತಾವ್ನೆ." ಹಿಂದಿನಿಂದ ಇನ್ನೊಬ್ಬರು ತಮ್ಮ ಮೀಟರಿನವನ ಹೆಸರು ಕೂಗಿದರು. ಮತ್ತೊಬ್ಬರು ಮಗಳ ಸ್ಕೂಲಿನವರ ಹೆಸರು. ಫೋಲ್ಡರಿಗೆ ಸೇರಿಸಲು ಸಾಲು ನಿಂತರು ಎಂದೇ ಹೇಳಬೇಕು.

ಆ ವಾರ ಹಳ್ಳ ಮುಚ್ಚಿತು. ಜಲ್ಲಿ ಬಂತು, ರೋಲರ್ ಬಂತು, ಡಾಂಬರು ಬಂತು. ಸಂಪತ್ ಖುದ್ದು ಬಿಸಿಲಲ್ಲಿ ನಿಂತು, ಮನೆಯಿಂದ ಮಜ್ಜಿಗೆ ಕೊಟ್ಟರೂ ಕುಡಿಯದೆ, ಕೆಲಸ ಮಾಡಿಸಿದ. ಹನುಮಂತಯ್ಯನವರು ಹೊಸ ರಸ್ತೆಗೆ ಕಾಯಿ ಒಡೆದರು. "ಹೂಂ ಅಂತೀಯಾ ಈಗ?" ಅಂದರು. ಎಲ್ಲರೂ ನಕ್ಕರು. ಚನ್ನವೀರೇಶನೂ ಬಂದಿದ್ದ, ಊಟದ ಹೊತ್ತಿಗೆ.

ರೇವಣಸಿದ್ದಯ್ಯನವರ ಎದೆ ಹಿಗ್ಗಿ ಅಂಗಿಯ ಗುಂಡಿ ಹಿಡಿಯಲಿಲ್ಲ. ಈ ಪರಾಕ್ರಮವನ್ನು ಹಳೆಯ ಸಹೋದ್ಯೋಗಿಗಳಿಗೆ ಬಾಯಾರೆ ಹೇಳಲು ಮರುದಿನ ಬೆಳಿಗ್ಗೆಯೇ ರಾಜಾಜಿನಗರಕ್ಕೆ ಹೊರಟರು. ಹೊರಡುವಾಗ ಟಿಣ್ ಎಂದಿತು. ನೋಡಲಿಲ್ಲ. ದಾರಿಯಲ್ಲಿ ಮತ್ತೆ ಟಿಣ್. ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ ಕುಡಿಯುತ್ತ, ಹಳ್ಳದ ಆಳವನ್ನು ಒಂದಾಳಿನಿಂದ ಎರಡಾಳಿಗೆ ಏರಿಸಿ, ಸಂಪತ್‌ನನ್ನು ಕಾಲಿಗೆ ಬೀಳಿಸಿ, ಕಥೆ ಮುಗಿಸಿಕೊಂಡು ಹಸಿದು ಮನೆಗೆ ಬಂದರೆ ಬಾಗಿಲಿಗೆ ಬೀಗ.

ಬೆಲ್ಲು ಒತ್ತಿದರು. ಕಿಟಕಿ ಬಡಿದರು. "ಜಗದಾ!" ಎಂದು ಕೂಗಿದರು. ಫೋನು ಮಾಡಿದರೆ ಎತ್ತುವವರಿಲ್ಲ. ಎದುರು ಮನೆಯ ಜಗಲಿಯಿಂದ ಹನುಮಂತಯ್ಯನವರು ಹೇಳಿದರು, "ಅಮ್ಮಾವ್ರು ಹೋದ್ರಲ್ಲಪ್ಪಾ, ಕೆಂಗೇರಿಗೆ. ಬಾಗಿಲಿಗೇ ಆಟೋ ಬಂತು. ನಾನೇ ಬ್ಯಾಗ್ ಎತ್ತಿಟ್ಟೆ."

"ನನಗೆ ಹೇಳದೇನಾ!" ರೇವಣಸಿದ್ದಯ್ಯನವರಿಗೆ ಕೋಪ ಬಂತು. "ಯಾರಿಗೋಸ್ಕರ ಈ ರಸ್ತೆ ಮಾಡಿಸಿದೆ ನಾನು? ಒಂದು ಮಾತು ತಿಳಿಸಬಾರದಾ? ಇದು ಯಾವ ಪದ್ಧತಿ?"

"ತಿಳ್ಸಿದಾರೆ ಅಂಕಲ್." ಕವನಾ ಮಹಡಿಯ ಕಟಾಂಜನದಿಂದ ಬಗ್ಗಿ ನೋಡುತ್ತಿದ್ದಳು. "ಮೇಲ್ ಮಾಡಿದೀನಿ ಅಂತ ನಂಗೂ ಹೇಳಿ ಹೋದ್ರು. ನಿಮ್ಮ 'ಇತರೆ' ಫೋಲ್ಡರ್ ನೋಡಿ."

"ಇತರೆಯಲ್ಲಾ? ಅದರಲ್ಲಿ ಇರೋದು ಸೀರೆ ಅಂಗಡಿ..."

ಮಾತು ಅಲ್ಲಿಗೇ ನಿಂತಿತು. ಅವತ್ತು ಊಟಕ್ಕೆ ಏಳುವಾಗ ಸಿಡುಕಿಕೊಂಡು ಪಟ್ಟಿಗೆ ಸೇರಿಸಿದ್ದು ಏನೆಂದು ಈಗ ನೆನಪಾಯಿತು.

ಫೋಲ್ಡರು ತೆರೆದರು. ಮೇಲೆ ಬೆಳಗಿನ ಇಮೇಲ್: "ರೀ, ಮಾಲಾ ಕರೆದಿದಾಳೆ, ಇಬ್ರೂ ಹೋಗೋಣ, ಬೇಗ ಬನ್ನಿ." ಅದರ ಮೇಲೆ: "ಆಟೋ ಬಂದಿದೆ. ಕಾಯ್ತಿದೀನಿ." ಅದರ ಮೇಲೆ: "ಹೊರಟೆ. ಕೀಲಿ ತುಳಸಿ ಕುಂಡದ ಕೆಳಗೆ." ಆಮೇಲೆ ಕೆಳಕ್ಕೆ, ಸೀರೆಗಳ ಮತ್ತು ಹಲ್ಲುಗಳ ನಡುವೆ, ಹಳೆಯವು. "ಇವತ್ತು ಕೋಲಿಲ್ಲದೆ ನಡೆದೆ, ನೋಡ್ತೀರಾ ಬನ್ನಿ." "ಎಡ ಮಂಡಿ ಊದಿದೆ, ಡಾಕ್ಟರಿಗೆ ಫೋನ್ ಮಾಡ್ರೀ." "ಊಟ ಆಯ್ತು ಬನ್ನಿ." "ಊಟ ಆರೋಯ್ತು." ಒಂದೆರಡು ಬಿಟ್ಟರೆ ಯಾವುದನ್ನೂ ಅವರು ತೆರೆದಿರಲಿಲ್ಲ. ಒಂದೊಂದಕ್ಕೂ ಆಕೆಗೆ ಜ್ಞಾಪನ ಹೋಗಿತ್ತು: 'ಆಮೇಲೆ ನೋಡಿದರಾಯ್ತು' ಫೋಲ್ಡರಿನಿಂದ 'ಇತರೆ' ಫೋಲ್ಡರಿಗೆ ವರ್ಗಾಯಿಸಲಾಗಿದೆ. ಮೂವತ್ತೈದು ವರ್ಷ ಅನ್ನ ಬಡಿಸಿದವಳು ಇತರೆ.

ರೇವಣಸಿದ್ದಯ್ಯನವರು ಜಗಲಿಯ ಮೇಲೆ ಕೂತುಬಿಟ್ಟರು. ಒಂದೊಂದೇ ಅಕ್ಷರ ಒತ್ತಿ ಟೈಪು ಮಾಡಿದರು: "ತಪ್ಪಾಯ್ತು ಕಣೇ. ಯಾವಾಗ ಬರ್ತೀಯಾ? ಇನ್ನು ಮುಂದೆ ನಿನ್ನ ಪತ್ರ ಮೊದಲು ಓದ್ತೀನಿ."

ಕಳಿಸಿ ಕೈ ಕೆಳಗಿಳಿಸುವಷ್ಟರಲ್ಲಿ ಟಿಣ್ ಎಂದಿತು.

"ತಮ್ಮ ಪತ್ರ ತಲುಪಿದೆ. ಅದನ್ನು 'ಮುಂದಿನ ವಾರ ಎಂದು ಸುಳ್ಳು ಹೇಳುವವರು' ಎಂಬ ಫೋಲ್ಡರಿನಲ್ಲಿ ಇರಿಸಲಾಗಿದೆ."

ಅವರು ಎದ್ದು ನಿಂತರು. ಮುಖ ಕೆಂಪಾಯಿತು. "ನಾನು! ಆ ಸಂಪತ್ ಇದ್ದ ಫೋಲ್ಡರಿನಲ್ಲಿ! ಕವನಾ! ಇದು ನಿನ್ನ ಕೆಲಸ!"

"ಕೋಡ್ ಮಾತ್ರ ನಂದು ಅಂಕಲ್. ಪಟ್ಟಿ ಆಂಟಿನೇ ತುಂಬಿದ್ದು."

"ತೆಗೆಸು ಅದನ್ನ! ಬೇರೆ ಫೋಲ್ಡರಿಗೆ ವರ್ಗಾಯಿಸು!"

"ನಂಗೆ ಒಂದೇ ಸಾಲು ಅಂಕಲ್, ಈಗ್ಲೇ ಮಾಡ್ಬಹುದು. ಆದ್ರೆ ಆಂಟಿ ಬಿಡಲ್ಲ." ಕವನಾ ನಗಲಿಲ್ಲ, ಅದೇ ಹೆಚ್ಚು. "ಕಾಮಗಾರಿ ಮುಗೀದೆ ಕಡತ ಕದಲಲ್ಲ ಅಂತ ನೀವು ಗೇಟಲ್ಲಿ ಕೂಗಿದ್ದನ್ನ ಅವ್ರೂ ಕೇಳಿಸ್ಕೊಂಡಿದಾರೆ."

ರೇವಣಸಿದ್ದಯ್ಯನವರು ತುಳಸಿ ಕುಂಡದ ಕಡೆ ನೋಡಿದರು. ಕೀಲಿ ತೆಗೆಯಲಿಲ್ಲ. ಪಂಚೆ ಸರಿಮಾಡಿಕೊಂಡು ಗೇಟು ದಾಟಿ, ಇನ್ನೂ ಡಾಂಬರಿನ ವಾಸನೆ ಹೋಗದ ರಸ್ತೆಗೆ ಬಂದರು. ಒಂದು ಖಾಲಿ ಆಟೋ ಸುಂಕದಕಟ್ಟೆಯ ಕಡೆಯಿಂದ ನೇರ ಅವರ ಮನೆ ಬಾಗಿಲಿಗೇ ಬರುತ್ತಿತ್ತು. ಅಡ್ಡ ನಿಂತು ಕೈ ತೋರಿಸಿದರು.

"ಕೆಂಗೇರಿಗೆ ಬರ್ತೀಯೇನಪ್ಪಾ?"

"ಯಾವಾಗ ಸಾರ್?"

"ಯಾವಾಗ ಅಂದ್ರೆ!" ರೇವಣಸಿದ್ದಯ್ಯನವರು ಆಟೋ ಹತ್ತಿ ಕೂತು ಗದರಿದರು. "ಈಗ! ಈಗಿಂದೀಗಲೇ!"